ಹಾಸ್ಟೆಲ್ ಹುಡುಗನ ಗೇಮಿಂಗ್: ಯಾವಾಗ ಚಿಂತೆ ಮಾಡಬೇಕು?

ಹೇಮಾವತಿ_ದಂಡೆ, ಹಾಸನ
ಇಂಜಿನಿಯರಿಂಗ್ ಹುಡುಗರ ಹಾಸ್ಟೆಲ್ ನೋಡಿಕೊಳ್ಳುತ್ತೇನೆ. ಎರಡನೇ ವರ್ಷದ ಒಬ್ಬ ರಾತ್ರಿ 3ರವರೆಗೆ ಬಿಜಿಎಂಐ (ತಂಡ ಕಟ್ಟಿ ಆಡುವ ಮೊಬೈಲ್ ಶೂಟಿಂಗ್ ಗೇಮ್) ಆಡುತ್ತಾನೆ, ತಿಂಡಿಗೆ ಬರಲ್ಲ, ಅಟೆಂಡೆನ್ಸ್ 75%ಕ್ಕಿಂತ ಕೆಳಗಿದೆ. ಇದು ಚಟವಾ? ರಾತ್ರಿ ವೈಫೈ ಬಂದ್ ಮಾಡಿದರೆ ಸರಿಹೋಗುತ್ತಾ? ಮನೆಯವರಿಗೆ ಹೇಗೆ ಹೇಳೋದು?

ಗಿರಿಸಾಲು, ಚಿಕ್ಕಮಗಳೂರು
ಗಂಟೆ ಎಣಿಸಿ ತೀರ್ಮಾನಕ್ಕೆ ಬರಬೇಡಿ ಸರ್. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಗೇಮಿಂಗ್ ಕಾಯಿಲೆಗೆ ನೋಡುವುದು ಮೂರನ್ನು: ಆಟದ ಮೇಲೆ ಹಿಡಿತ ತಪ್ಪಿದೆಯೇ, ಊಟ-ಓದು-ಗೆಳೆಯರಿಗಿಂತ ಆಟವೇ ಮುಂದಾಗಿದೆಯೇ, ನಷ್ಟ ಕಾಣುತ್ತಿದ್ದರೂ ಆಡುತ್ತಲೇ ಇದ್ದಾನೆಯೇ. ಸಾಮಾನ್ಯವಾಗಿ ಇದು 12 ತಿಂಗಳು ಇರಬೇಕು. ತೀವ್ರವಾಗಿದ್ದರೆ ಅಷ್ಟು ಕಾಯಬೇಕಿಲ್ಲ. ಇಂಟರ್ನಲ್ಸ್ ಮುಗಿದ ವಾರ ರಾತ್ರಿಯೆಲ್ಲ ಆಡಿ ಸೋಮವಾರ ಕ್ಲಾಸಿಗೆ ಹೋಗುವವನಿಗೆ ಕಾಯಿಲೆಯ ಹಣೆಪಟ್ಟಿ ಬೇಡ.

ನನಗೆ ಹೆಚ್ಚು ಚಿಂತೆಯಾಗುವುದು ಅವನು ತಿಂಡಿಗೆ ಬಾರದಿರುವುದು. ಆಟ ಮೊದಲು ಶುರುವಾಯಿತೋ, ಬೇಸರ ಮೊದಲೋ ಕೇಳಿ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಉಳಿಸಿಕೊಂಡವರು, ಕನ್ನಡ ಮಾಧ್ಯಮದಿಂದ ಬಂದು ಪಾಠ ಹಿಡಿಯಲಾಗದೆ ಕಂಗೆಟ್ಟವರು ಆಟದಲ್ಲಿ ಮುಖ ಮರೆಸಿಕೊಳ್ಳುವುದುಂಟು. ಖಿನ್ನತೆ ಇದ್ದರೆ, ಆಟ ಬಿಡಿಸಿದ ಮಾತ್ರಕ್ಕೆ ಅದು ಹೋಗಲ್ಲ.

ಪ್ಯಾಚ್_ನೋಟ್ಸ್
ವೈಫೈ ಬಂದ್ ಮಾಡಿದರೆ ಮೊಬೈಲ್ ಡೇಟಾದಲ್ಲಿ ಆಡ್ತಾನೆ, ಅಷ್ಟೇ. ಫೋನ್ ಕಿತ್ತುಕೊಂಡರೆ ಸಿಡುಕು, ಚಡಪಡಿಕೆ, ಮೇಲಿಂದ ನಿಮ್ಮ ಹತ್ತಿರ ಮಾತೂ ಬಂದ್.

ಮೊದಲ ವಾರ ಏನೂ ಬದಲಿಸಬೇಡಿ. ಶುರುವಾದ ಹೊತ್ತು, ಮುಗಿದ ಹೊತ್ತು, ಆಗ ಮನಸ್ಸು ಹೇಗಿತ್ತು ಅಂತ ಅವನ ಕೈಲೇ ಬರೆಸಿ. ಫೋನ್ ಎಷ್ಟು ಹೊತ್ತು ಬಳಸಿದ ಅಂತ ತೋರಿಸೋ ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್ ಲೆಕ್ಕಕ್ಕೆ ಒಳ್ಳೇದು, ಬೀಗಕ್ಕಲ್ಲ: ಟೈಮರ್ ಅವನೇ ತೆಗೆಯಬಹುದು, ಜೊತೆಗೆ ಮಧ್ಯರಾತ್ರಿ ಅದು ಮತ್ತೆ ಸೊನ್ನೆಯಿಂದ ಶುರು.

"11ಕ್ಕೆ ನಿಲ್ಲಿಸು" ಅನ್ನೋದು ನಡೆಯಲ್ಲ. ಎರಾಂಗೆಲ್ ಮ್ಯಾಪಿನಲ್ಲಿ ಕೊನೇವರೆಗೆ ಉಳಿದರೆ ಒಂದು ಮ್ಯಾಚ್ ಹೆಚ್ಚುಕಮ್ಮಿ ಅರ್ಧ ಗಂಟೆ; ನಡುವೆ ಎದ್ದರೆ ಸ್ಕ್ವಾಡ್ (ಜೊತೆ ಆಡೋ ತಂಡ) ಬೈಯುತ್ತೆ. "10.15ರ ಮೇಲೆ ಹೊಸ ಮ್ಯಾಚ್ ಇಲ್ಲ" ಅಂತ ಒಪ್ಪಿಸಿ, ಸ್ಕ್ವಾಡಿಗೂ ಅವನೇ ಮೊದಲೇ ಹೇಳಿರಲಿ. ಮಲಗೋ ಹೊತ್ತಿಗಿಂತ ಏಳೋ ಹೊತ್ತು ಗಟ್ಟಿ ಮಾಡಿ, ಭಾನುವಾರವೂ 7ಕ್ಕೇ. ಖಾಲಿಯಾದ ಹೊತ್ತಿಗೆ ವಾಲಿಬಾಲೋ, ಬ್ಯಾಕ್‌ಲಾಗ್ ವಿಷಯ ಹೇಳಿಕೊಡೋ ಸೀನಿಯರೋ ಬೇಕೇ ಬೇಕು.

ಕಾಫಿ_ಕಣ
ದುಡ್ಡಿನ ಕಡೆಯೂ ನೋಡಿ. ಗೂಗಲ್ ಪ್ಲೇ ಮೂಲಕ ಯುಸಿ (ಸ್ಕಿನ್ ಅಂದರೆ ವೇಷ-ಅಲಂಕಾರ ಕೊಳ್ಳೋ ಆಟದ ನಾಣ್ಯ) ಕೊಂಡಿದ್ದರೆ ಅದರ ಆರ್ಡರ್ ಹಿಸ್ಟರಿಯಲ್ಲಿ ಸಿಗುತ್ತೆ. ಗೆಳೆಯರಲ್ಲಿ ಸಾಲ ಇದೆಯಾ ಕೇಳಿ.

ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ 14416 ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ಹತ್ತಿರದಲ್ಲೇ ಹಿಮ್ಸ್‌ನ (ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು) ಮನೋವೈದ್ಯಕೀಯ ವಿಭಾಗವಿದೆ. ಗೇಮಿಂಗ್, ಫೋನ್ ಚಟಕ್ಕೇ ಮೀಸಲಾದದ್ದು ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್, 2014ರಿಂದ ನಡೀತಿದೆ. ಸಾಯೋ ಮಾತು ಬಂದರೆ ಒಬ್ಬನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಗೆ ಫೋನ್ ಮಾಡುವಾಗ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿದ್ದೆ, ಊಟ, ಅಟೆಂಡೆನ್ಸ್ ವಿಷಯ ಮೊದಲು ಹೇಳಿ. ಆಟದ ವಿಷಯ ಅವನೇ ಹೇಳಲಿ.