ಅರಗಿನ ಬಣ್ಣದ ಗೊಂಬೆ: ಸೀಸದ ಹಳದಿಗೆ ಬದಲಾಗಿ ಏನು ಹಾಕಬಹುದು?

ಬುಗುರಿಮನೆ (ಪ್ರಶ್ನೆ)

ಚನ್ನಪಟ್ಟಣದ ಕ್ರಮದಲ್ಲೇ ಹಾಲೆ ಮರ ಕಡೆದು, ಲೇತ್ ಮೇಲೆ ಅರಗಿನ ಕಡ್ಡಿ ಒತ್ತಿ ಬಣ್ಣ ಏರಿಸುವ ಗಿಲಕಿ, ಬುಗುರಿ, ಮಣಿಗಳ ಕೆಲಸ. ಜರ್ಮನಿಗೆ ಕಳಿಸುವ ಮುಂಚೆ ಇಎನ್ 71-3 (ಗೊಂಬೆಯಿಂದ ವಿಷಲೋಹ ಹೊರಬರುತ್ತದೆಯೇ ಎಂದು ನೋಡುವ ಯೂರೋಪಿನ ಮಾನದಂಡ) ಪರೀಕ್ಷೆ ಮಾಡಿಸಿದಾಗ ಕೆಂಪು, ನೀಲಿ ಪಾಸಾದವು. ಹಳದಿ ಮತ್ತು ಹಸಿರಿನಲ್ಲಿ ಸೀಸ, ಕ್ರೋಮಿಯಂ ಎರಡೂ ಮಿತಿ ಮೀರಿವೆ. ಬಣ್ಣದ ಪುಡಿಯ ಪೊಟ್ಟಣದ ಮೇಲೆ "ಲೆಮನ್ ಕ್ರೋಮ್" ಎಂದಷ್ಟೇ ಇದೆ. ಇದರ ಬದಲು ಅರಿಶಿನ ಹಾಕಿದರೆ ಸಾಕೇ? 100 ಗ್ರಾಂ ಅರಗಿಗೆ ಎಷ್ಟು ಹಾಕಬೇಕು? ಹಸಿರಿಗೆ ಏನು ಮಾಡುವುದು?

ವರ್ಣದ್ರವ್ಯ

ಹೆಸರೇ ಹೇಳುತ್ತಿದೆ, ಅದು ಲೆಡ್ ಕ್ರೋಮೇಟ್, ಅಂದರೆ ಸೀಸ ಮತ್ತು ಕ್ರೋಮಿಯಂ ಎರಡೂ ಇರುವ ಹಳದಿ. ಪಿಗ್ಮೆಂಟ್ ಯೆಲ್ಲೋ 34 ಎಂಬ ಸಂಖ್ಯೆಯಲ್ಲಿ ಮಾರಾಟವಾಗುತ್ತದೆ. ನಿಮ್ಮ ಹಸಿರಿಗೂ ಅದನ್ನೇ ನೀಲಿ ಜೊತೆ ಬೆರೆಸಿರುತ್ತೀರಿ, ಹಾಗಾಗಿ ಎರಡೂ ಒಟ್ಟಿಗೆ ಕೆಟ್ಟಿವೆ. ಕಿತ್ತಳೆ ಬಣ್ಣವೂ ಇದ್ದರೆ ಅದನ್ನೂ ಪರೀಕ್ಷಿಸಿ. ಪಿಗ್ಮೆಂಟ್ ರೆಡ್ 104 ಕೂಡ ಇದೇ ಸೀಸದ ಕುಟುಂಬ.

ಪರೀಕ್ಷೆಯಲ್ಲಿ ಕೆರೆದು ತೆಗೆದ ಬಣ್ಣವನ್ನು 37 ಡಿಗ್ರಿಯಲ್ಲಿ ಎರಡು ಗಂಟೆ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಡುತ್ತಾರೆ. ಮಗು ನುಂಗಿದ ಚೂರು ಹೊಟ್ಟೆಯಲ್ಲಿ ಏನು ಬಿಡುತ್ತದೆ ಎಂದು ನೋಡುವ ಕ್ರಮ ಅದು. ಕೆರೆದ ಬಣ್ಣಕ್ಕೆ ಯೂರೋಪಿನ ಮಿತಿ ಈಗ ಕಿಲೋಗೆ 23 ಮಿ.ಗ್ರಾಂ ಸೀಸ, 2018ರ ಅಕ್ಟೋಬರ್‌ವರೆಗೆ 160 ಇತ್ತು. ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಬರೀ 0.053. ನಮ್ಮ ಭಾರತೀಯ ಗೊಂಬೆ ಮಾನದಂಡ ಐಎಸ್ 9873 ಭಾಗ 3ರಲ್ಲಿ ಸೀಸಕ್ಕೆ 90, ಒಟ್ಟು ಕ್ರೋಮಿಯಂಗೆ 60. ಜಿಐ (ಭೌಗೋಳಿಕ ಗುರುತು) ಪಡೆದ ಕರಕುಶಲ ಗೊಂಬೆಗಳಿಗೆ ಐಎಸ್‌ಐ ಗುರುತಿನ ಕಡ್ಡಾಯದಿಂದ ವಿನಾಯಿತಿ ಇದೆ ನಿಜ, ಆದರೆ ನಮ್ಮ ಮಕ್ಕಳ ಹೊಟ್ಟೆಯೂ ಜರ್ಮನಿಯ ಮಕ್ಕಳ ಹೊಟ್ಟೆಯೂ ಬೇರೆ ಅಲ್ಲ. ಎರಡು ಮಾರುಕಟ್ಟೆಗೆ ಎರಡು ಬಗೆಯ ಹಳದಿ ಇಟ್ಟುಕೊಳ್ಳಬೇಡಿ.

ಬದಲಿ ಹುಡುಕುವಾಗ ಒಂದು ವಿಷ ಬಿಟ್ಟು ಇನ್ನೊಂದಕ್ಕೆ ಬೀಳುವುದೇ ದೊಡ್ಡ ಅಪಾಯ. "ಸೀಸವಿಲ್ಲದ ಗಾಢ ಹಳದಿ" ಎಂದು ಅಂಗಡಿಯವರು ಕ್ಯಾಡ್ಮಿಯಂ ಹಳದಿ ಕೊಟ್ಟರೆ ಏನು ಬಂತು? ಪಿಗ್ಮೆಂಟ್ ಸಂಖ್ಯೆ ಹೇಳದ ಪುಡಿಯನ್ನು ಕೊಳ್ಳಲೇಬೇಡಿ. ನನ್ನ ಆಯ್ಕೆ ಪಿಗ್ಮೆಂಟ್ ಯೆಲ್ಲೋ 42, ಅಂದರೆ ಕಾರ್ಖಾನೆಯಲ್ಲಿ ತಯಾರಾದ ಹಳದಿ ಐರನ್ ಆಕ್ಸೈಡ್. ಅಗ್ಗ, ಬಿಸಿಲಿಗೆ ಮಾಸುವುದಿಲ್ಲ. ನೆಲದಿಂದ ತೆಗೆದ ಕಾವಿ ಮಣ್ಣಿನಲ್ಲಿ ಆರ್ಸೆನಿಕ್ ಇರಬಹುದಾದ್ದರಿಂದ ಇಲ್ಲಿ ನೈಸರ್ಗಿಕಕ್ಕಿಂತ ತಯಾರಿಸಿದ್ದೇ ಮೇಲು. ನಿಂಬೆಹಳದಿಯ ಹೊಳಪು ಮಾತ್ರ ಸಿಗುವುದಿಲ್ಲ, ಸಾಸಿವೆ ಹೂವಿಗಿಂತ ಮಂದವಾಗಿಯೇ ಇರುತ್ತದೆ.

ಲೇತ್‌ಕೆಲಸ

ಅಳತೆ ಹೇಳ್ತೀನಿ. 100 ಗ್ರಾಂ ಅರಗಿಗೆ 5 ಗ್ರಾಂ ಹಳದಿ ಆಕ್ಸೈಡ್, 2 ಗ್ರಾಂ ಟೈಟಾನಿಯಂ ಡೈಆಕ್ಸೈಡ್‌ನಿಂದ ಶುರು ಮಾಡಿ. ಪುಡಿ ತೂಗುವಾಗ ಮಾಸ್ಕ್ ಇರಲಿ. ಬಣ್ಣ ಜಾಸ್ತಿಯಾದರೆ ಕಡ್ಡಿ ಪುಡಿಪುಡಿಯಾಗಿ ಮುರಿಯುತ್ತೆ, ಮರದ ಮೇಲೆ ಗೆರೆ ಬೀಳುತ್ತೆ. ಅರಗು ಮೆತ್ತಗಾಗೋದು 70 ಡಿಗ್ರಿ ಆಸುಪಾಸು. ಕೆಂಡದ ಮೇಲೆ ಹೊತ್ತುಗಟ್ಟಲೆ ಇಟ್ಟು 150 ದಾಟಿಸಿದರೆ ರಬ್ಬರಿನಂತೆ ಗಟ್ಟಿಯಾಗುತ್ತೆ, ಮತ್ತೆ ಕರಗಲ್ಲ. ಹಳದಿ ಆಕ್ಸೈಡ್ ಕೂಡ 180ರ ಹತ್ತಿರ ನೀರು ಬಿಟ್ಟು ಕೆಂಪಾಗುತ್ತೆ. ಅದಕ್ಕೇ ಬೆಂಕಿ ತಾಗಿಸದೆ, ಬಿಸಿ ತಟ್ಟೆಯ ಮೇಲೆ ನಾದಿ, ಎಳೆದು, ಮಡಚಿ, ಮತ್ತೆ ಎಳೀಬೇಕು. ಎಳೆದ ಪಟ್ಟಿಯಲ್ಲಿ ಚುಕ್ಕೆ ಕಾಣದಷ್ಟು ಹೊತ್ತು.

ಅರಿಶಿನ ಹಾಕೋದಾದರೆ ಬಟ್ಟೆಯಲ್ಲಿ ಸೋಸಿದ ಪುಡಿ, 100ಕ್ಕೆ 8ರಿಂದ 10 ಗ್ರಾಂ. ಅದರಲ್ಲಿ ಬಣ್ಣ ಕೊಡೋ ಕರ್ಕ್ಯುಮಿನ್ ಸುಮಾರು 3ರಿಂದ 5 ಶೇಕಡ ಮಾತ್ರ, ಉಳಿದಿದ್ದರಲ್ಲಿ ಬಹುಪಾಲು ಪಿಷ್ಟ. ಅದು ಸೀದರೆ ಕಂದು ಚುಕ್ಕೆ. ಬಿಸಿಲಲ್ಲಿ ಬೇಗ ಮಾಸುತ್ತೆ, ಸೋಪಿನ ನೀರು ತಾಗಿದರೆ ಕೆಂಪಗಾಗುತ್ತೆ. ಅರಿಶಿನ ಕೊಳ್ಳುವಾಗಲೂ ಕೊಂಬು ತಂದು ನೀವೇ ಪುಡಿ ಮಾಡಿಸಿ. ಬಾಂಗ್ಲಾದೇಶದಲ್ಲಿ ಅರಿಶಿನದ ಹೊಳಪಿಗೆ ಇದೇ ಲೆಡ್ ಕ್ರೋಮೇಟ್ ಬಳಿಯುತ್ತಿದ್ದದ್ದು 2019ರಲ್ಲಿ ಬಯಲಾಯ್ತು.

ಹಸಿರಿಗೆ ನೀಲಿ ಗಿಡದ (ಇಂಡಿಗೊ) ಬಣ್ಣ ಮತ್ತು ಅರಿಶಿನ ಸೇರಿಸಬೇಡಿ. ಅರಿಶಿನ ಮೊದಲು ಹೋಗಿ, ಅಂಗಡಿ ಗಾಜಿನೊಳಗೇ ಹಸಿರು ಗಿಣಿ ಗೊಂಬೆ ನೀಲಿಯಾಗುತ್ತೆ. ಹಳದಿ ಆಕ್ಸೈಡ್ ಜೊತೆ ನೀಲಿ ಸೇರಿಸಿದರೆ ಪಾಚಿ ಹಸಿರು ಬರುತ್ತೆ, ಅದು ನಿಲ್ಲುತ್ತೆ.

ವರ್ಣದ್ರವ್ಯ

ಗಿಡದ ಬಣ್ಣವೇ ಬೇಕೆಂದು ಗ್ರಾಹಕರು ಕೇಳಿದರೆ ಮಂಜಿಷ್ಠದ ಕೆಂಪು ಸೂಕ್ತ. ಆದರೆ ಪುಡಿಯನ್ನು ನೇರವಾಗಿ ಹಾಕದೆ ಸ್ಫಟಿಕದ (ಆಲಂ) ಮೇಲೆ ಕೂರಿಸಿ. 100 ಗ್ರಾಂ ಬೇರಿನ ಪುಡಿಯನ್ನು 60–70 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಇಟ್ಟು ಸೋಸಿ, 50 ಗ್ರಾಂ ಸ್ಫಟಿಕ ಕರಗಿಸಿ, ವಾಷಿಂಗ್ ಸೋಡಾದ ದ್ರಾವಣವನ್ನು ಸ್ವಲ್ಪಸ್ವಲ್ಪವಾಗಿ ಸುರಿಯಿರಿ. ನೀರಿಲ್ಲದ ಸೋಡಾ ಪುಡಿಯಾದರೆ ಸುಮಾರು 16 ಗ್ರಾಂ, ಹರಳು ರೂಪದ ವಾಷಿಂಗ್ ಸೋಡಾ ಆದರೆ ಸುಮಾರು 45 ಗ್ರಾಂ. ಈ ಎರಡನ್ನು ಅದಲುಬದಲು ಮಾಡಿಯೇ ಹೆಚ್ಚಿನವರು ಕೆಡಿಸಿಕೊಳ್ಳುವುದು. ನೊರೆ ಉಕ್ಕುತ್ತದೆ, ಪಾತ್ರೆ ಮೂರರಷ್ಟು ದೊಡ್ಡದಿರಲಿ. ಪಿಎಚ್ ಕಾಗದದಲ್ಲಿ 7ಕ್ಕೆ ನಿಲ್ಲಿಸಿ. ಅದಕ್ಕಿಂತ ಮೇಲೆ ಹೋದಂತೆ ಕೆಂಪು ನೇರಳೆಯತ್ತ ತಿರುಗುತ್ತದೆ. ತಳದಲ್ಲಿ ಕೂತ ಬಣ್ಣವನ್ನು ಹಲವು ಸಲ ತೊಳೆದು, ಸಂಪೂರ್ಣ ಒಣಗಿಸಿ ನುಣ್ಣಗೆ ಅರೆಯಿರಿ. ತೇವ ಉಳಿದರೆ ಅರಗಿನಲ್ಲಿ ಗುಳ್ಳೆ ಏಳುತ್ತದೆ.

ಅರಗಿನ ಬಗ್ಗೆಯೂ ಎಚ್ಚರ ಬೇಕು. ಹಿಂದೆ ಅರಗಿಗೆ ಹಳದಿ ಛಾಯೆ ಬರಲೆಂದು ಹರಿತಾಳ, ಅಂದರೆ ಆರ್ಸೆನಿಕ್ ಸಲ್ಫೈಡ್, ಬೆರೆಸುವ ರೂಢಿ ಇತ್ತು. ಬಣ್ಣ ಹಾಕದ ಅರಗಿನ ಒಂದು ಮಾದರಿಯನ್ನೂ ಪ್ರಯೋಗಾಲಯಕ್ಕೆ ಕಳಿಸಿ. ಅಗ್ಗದ ಅರಗಿಗೆ ರಾಳ ಬೆರೆಸಿರುತ್ತಾರೆ, ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ.

ಪರೀಕ್ಷಕಿ

ಪ್ರತಿ ಗೊಂಬೆಗೆ ಪರೀಕ್ಷೆ ಬೇಡ, ಹೊಸ ಬಣ್ಣದ ಚೀಲ ಬಂದಾಗಲೆಲ್ಲ ಬೇಕು. ಎಕ್ಸ್‌ಆರ್‌ಎಫ್ ಎಂಬ ಎಕ್ಸ್-ಕಿರಣ ಯಂತ್ರ ಒಟ್ಟು ಸೀಸವನ್ನು ತೋರಿಸುತ್ತದೆ, ಕರಗಿ ಹೊರಬರುವುದನ್ನಲ್ಲ. ಸೀಸವಿರುವ ಪುಡಿಯನ್ನು ಮೊದಲೇ ಬೇರ್ಪಡಿಸಲು ಅಷ್ಟು ಸಾಕು. ಸೀಸ ತಾಗಿದರೆ ಬಣ್ಣ ತಿರುಗುವ ಪರೀಕ್ಷಾ ಕಡ್ಡಿಗಳನ್ನು ಈ ಹಳದಿಗೆ ನಂಬಬೇಡಿ. ಲೆಡ್ ಕ್ರೋಮೇಟ್ ಬೇಗ ಕರಗದ ಕಾರಣ ಆ ಕಡ್ಡಿ ಕೆಂಪಾಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಐದು ನಿಮಿಷ ನೋಡಿ "ಸೀಸವಿಲ್ಲ" ಎಂದು ಬರೆದುಕೊಂಡರೆ ತಪ್ಪಾಗುತ್ತದೆ.

ಜೊಲ್ಲಿಗೆ ಬಣ್ಣ ಬಿಡುತ್ತದೆಯೇ ಎಂಬುದಕ್ಕೆ ಡಿಐಎನ್ 53160 ಎಂಬ ಜರ್ಮನ್ ಮಾನದಂಡದ ಪ್ರತ್ಯೇಕ ಪರೀಕ್ಷೆ ಇದೆ. ಗೊಂಬೆಯ ಜೊತೆ ಇಡುವ ಚೀಟಿಯಲ್ಲಿ ಸ್ಯಾನಿಟೈಸರ್ ಹಾಕಿ ಒರೆಸಬಾರದು ಎಂದು ಬರೆಯಿರಿ, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ.

ಬುಗುರಿಮನೆ

ಬಹಳ ಉಪಕಾರ. ಉಳಿದಿರುವ ಹಳದಿ ಪುಡಿ ಮತ್ತು ಕಡ್ಡಿಗಳನ್ನು ಏನು ಮಾಡಲಿ?

ಪರೀಕ್ಷಕಿ

ಬೇರೆ ಕುಶಲಕರ್ಮಿಗಳಿಗೆ ಮಾರಬೇಡಿ, ಸುಡಬೇಡಿ, ಕಸಕ್ಕೆ ಹಾಕಬೇಡಿ. ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಿ, ಮೇಲೆ "ಸೀಸ" ಎಂದು ಬರೆದು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಸೂಚಿಸುವ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಕೊಡಿ. ಲೇತ್ ಮತ್ತು ಸುತ್ತಲಿನ ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಅದೇ ಡಬ್ಬಕ್ಕೆ ಹಾಕಿ. ಹಳದಿ ಅರಗನ್ನು ಉಜ್ಜಿ ನುಣುಪು ಮಾಡಲು ಬಳಸಿದ ತಾಳೆ ಗರಿಗಳನ್ನು ಹೊಸ ಬಣ್ಣದ ಮೇಲೆ ಉಜ್ಜಬೇಡಿ, ಅವುಗಳಿಗೆ ಅಂಟಿದ ಸೀಸವೇ ಮುಂದಿನ ವರದಿಯನ್ನು ಕೆಡಿಸಲು ಸಾಕು.