ಐದು ದಿನದ ಬೆಟ್ಟದ ರೇಸ್: ನಿದ್ದೆ ಎಷ್ಟು ಬೇಕು, ನಿಧಾನ ಇರುವವರು ಏನು ಮಾಡಬೇಕು?

ತುದಿಗಾಲು:
ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಸೇರಿ ಒಂದು ಅಡ್ವೆಂಚರ್ ರೇಸ್‌ಗೆ ಹೆಸರು ಕೊಟ್ಟಿದ್ದೇವೆ. ಐದು ದಿನದ್ದು. ಒಮ್ಮೆ ಶುರುವಾದರೆ ಗಡಿಯಾರ ನಿಲ್ಲುವುದಿಲ್ಲ, ಮಲಗಿದರೂ ಆ ಹೊತ್ತು ನಮ್ಮ ಲೆಕ್ಕಕ್ಕೇ. ನಡಿಗೆ, ಸೈಕಲ್, ಕಯಾಕ್ ಅನ್ನುವ ಸಣ್ಣ ದೋಣಿ, ನಡುವೆ ಒಂದು ಕಡೆ ಹಗ್ಗ ಹಿಡಿದು ಇಳಿಯುವುದು. ಪೂರ್ತಿ ಕಲ್ಲುಬಂಡೆಯ ಎತ್ತರದ ಜಾಗ. ಎರಡನೇ ದಿನ ದಾಟಬೇಕಾದ ಪಾಸ್ (ಎರಡು ಶಿಖರಗಳ ನಡುವಿನ ದಾರಿ) 3,400 ಮೀಟರ್ ಅಂತ ಹೇಳಿದ್ದಾರೆ, ವಿವರವಾದ ನಕ್ಷೆ ಮಾತ್ರ ಹಿಂದಿನ ದಿನ ಕೈಗೆ ಸಿಗುತ್ತದಂತೆ. ಜಿಪಿಎಸ್ ಬಳಸುವ ಹಾಗಿಲ್ಲ, ದಿಕ್ಸೂಚಿಯೇ ಗತಿ.

ಜಗಳ ಈಗಲೇ ಶುರುವಾಗಿದೆ. ಮೊದಲ ಎರಡು ರಾತ್ರಿ ಕಣ್ಣು ಮುಚ್ಚಲೇಬಾರದು, ಗೆಲ್ಲುವ ತಂಡಗಳು ಮಾಡುವುದೇ ಹಾಗೆ ಅಂತ ಒಬ್ಬ. ದಿನಾ ನಾಲ್ಕು ಗಂಟೆ ನಿದ್ದೆ ಇಲ್ಲ ಅಂದರೆ ನಾನು ಬರುವುದೇ ಇಲ್ಲ ಅಂತ ಇನ್ನೊಬ್ಬಳು. ನಮಗೆ ಗೆಲ್ಲುವ ಆಸೆ ಏನಿಲ್ಲ, ನಾಲ್ಕೂ ಜನ ಒಟ್ಟಿಗೆ ಮುಗಿಸಿದರೆ ಸಾಕು.

ಇನ್ನೊಂದು ವಿಷಯ. ಏರಿನಲ್ಲಿ ನಾನು ಉಳಿದ ಮೂವರಿಗಿಂತ ನಿಧಾನ. ಸ್ವಲ್ಪ ಅಲ್ಲ, ಚೆನ್ನಾಗೇ ನಿಧಾನ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಆದರೆ ಮೇಲೆ ನಿಂತು ಕಾಯುವಾಗ ಸುಮ್ನೆ ಶೂ ಲೇಸ್ ಬಿಚ್ಚಿ ಕಟ್ಟುತ್ತಾ ಇರುತ್ತಾರಲ್ಲ, ಅದರಲ್ಲೇ ಗೊತ್ತಾಗುತ್ತದೆ. ಇದಕ್ಕೆ ನೀವೆಲ್ಲ ಏನು ಮಾಡುತ್ತೀರಿ?

ನಕ್ಷೆಹುಚ್ಚ:
ಗುರು, ನಿಮ್ಮವರು ವೇಗದ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ, ಸಮಯ ಹೋಗುವುದು ನಿಂತಲ್ಲಿ. ಸೈಕಲ್ ಬಿಟ್ಟು ನಡಿಗೆಗೆ, ನಡಿಗೆ ಬಿಟ್ಟು ಕಯಾಕ್‌ಗೆ ಬದಲಾಗುವ ಟ್ರಾನ್ಸಿಷನ್ ಜಾಗ ಇರುತ್ತದಲ್ಲ, ಮೂರನೇ ದಿನ ಅಲ್ಲಿ ನಿಂತು ನೋಡಬೇಕು. ಒಂದು ಕಾಲಿಗೆ ಒದ್ದೆ ಸಾಕ್ಸ್, ಇನ್ನೊಂದು ಬರಿಗಾಲು, ಕಂಕುಳಲ್ಲಿ ಹೆಲ್ಮೆಟ್ ಇಟ್ಟುಕೊಂಡೇ ನನ್ನ ಹೆಲ್ಮೆಟ್ ಎಲ್ಲಿ ಅಂತ ಪೆಟ್ಟಿಗೆ ತಡಕಾಡುವ ಜನ. ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತದೆ. ದಿನವಿಡೀ ಬೆವರು ಸುರಿಸಿ ಉಳಿಸಿದ್ದೆಲ್ಲ ಅಲ್ಲೇ ಸೋರಿಹೋಗುತ್ತದೆ. ಬರುವ ದಾರಿಯಲ್ಲೇ ಯಾರು ನೀರು ತುಂಬುವುದು, ಯಾರು ಊಟ ಬಿಸಿ ಮಾಡುವುದು, ಯಾರು ಸೈಕಲ್ ಜೋಡಿಸುವುದು ಅಂತ ಮಾತಾಡಿಕೊಂಡು ಬನ್ನಿ.

ದಾರಿ ತಪ್ಪುವುದು ಅದಕ್ಕಿಂತ ದೊಡ್ಡ ನಷ್ಟ. ನಕ್ಷೆ ಹಿಡಿಯುವವನು ಒಬ್ಬನೇ ಇರಲಿ, ಆದರೆ ಅವನ ಹೆಗಲ ಮೇಲಿಂದ ಇಣುಕಿ ನೋಡುವವಳು ಇನ್ನೊಬ್ಬಳು ಇರಲೇಬೇಕು, ಯಾಕೆಂದರೆ ನಿದ್ದೆಗೆಟ್ಟ ತಲೆ ತಾನು ಅಂದುಕೊಂಡ ಹಳ್ಳವನ್ನೇ ನಕ್ಷೆಯಲ್ಲಿ ಹುಡುಕಿ ತೆಗೆಯುತ್ತದೆ. 1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಅನ್ನುವ ಪರ್ವತಾರೋಹಿ ಒಂದು ಲೆಕ್ಕ ಕೊಟ್ಟ: ಸುಮಾರು 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೊರೆ ಹೊತ್ತು, ಸುಸ್ತಾಗಿ, ಕತ್ತಲಲ್ಲಿ ನಡೆಯುವವರಿಗೆ ಇದು ಸಾಲುವುದಿಲ್ಲ, ನಿಮ್ಮ ಹಳೇ ನಡಿಗೆ ನೋಡಿ ಜಾಸ್ತಿ ಸೇರಿಸಿಕೊಳ್ಳಿ. ಲಾಭ ಏನೆಂದರೆ, ಮುಂದಿನ ಹಳ್ಳ 40 ನಿಮಿಷಕ್ಕೆ ಸಿಗಬೇಕು ಅಂತ ಮೊದಲೇ ಹೇಳಿಕೊಂಡಿದ್ದರೆ, ಒಂದು ಗಂಟೆಯಾದರೂ ಸಿಗದಿದ್ದಾಗ ನಿಲ್ಲುತ್ತೀರಿ. ಹೇಳಿಕೊಳ್ಳದಿದ್ದರೆ ಇನ್ನೇನು ಬಂತು, ಇನ್ನೇನು ಬಂತು ಅಂತ ಪಕ್ಕದ ಕಣಿವೆಗೆ ಇಳಿದುಬಿಡುತ್ತೀರಿ.

ನಿದ್ದೆಗೆ ನನ್ನ ಮಾತು: ಮೊದಲ ರಾತ್ರಿ ಬೇಡ. ಎರಡನೇ ರಾತ್ರಿಯಿಂದ ಎರಡು ಮೂರು ಗಂಟೆ. ಬೆಳಗಿನ ಜಾವ ಎರಡರಿಂದ ಐದರ ಒಳಗೆ ಮಲಗಿ, ಆಗ ಮೈ ಬಿಸಿಯೂ ತಗ್ಗಿರುತ್ತದೆ, ಎದ್ದಿದ್ದರೂ ಹೆಜ್ಜೆ ಸಾಗುವುದಿಲ್ಲ.

ಮಂಜುಗಲ್ಲು:
ಉಳಿದದ್ದೆಲ್ಲ ಸರಿ, ಮೊದಲ ರಾತ್ರಿ ಬೇಡ ಅನ್ನುವುದಕ್ಕೆ ನಾನು ಒಪ್ಪುವುದಿಲ್ಲ. ಇವರಿಗೆ ಎರಡನೇ ದಿನವೇ ಪಾಸ್ ಇದೆ, ಓದಿದ್ರಾ? ನಿದ್ದೆಯಿಲ್ಲದ ತಂಡವನ್ನು 3,400 ಮೀಟರ್‌ಗೆ ಹತ್ತಿಸುವ ಬದಲು ಪಾಸ್‌ನ ಬುಡದಲ್ಲಿ ಒಂದೂವರೆ ಗಂಟೆಯಾದರೂ ಮಲಗಿಸಿ. ಗೆಲ್ಲುವ ತಂಡಗಳು ನಿದ್ದೆ ಬಿಡುವುದು ನಿಜ, ಆದರೆ ಅವರು ಮುಗಿಸುವ ದಿನಕ್ಕೂ ನೀವು ಮುಗಿಸುವ ದಿನಕ್ಕೂ ಎಷ್ಟೋ ಅಂತರ ಇರುತ್ತದೆ. ಅವರ ನಿದ್ದೆಯ ಲೆಕ್ಕ ಇಟ್ಟುಕೊಂಡು ಅವರಿಗಿಂತ ಎರಡು ರಾತ್ರಿ ಜಾಸ್ತಿ ಓಡುವುದು ಹೇಗೆ?

ಈಗ ತುದಿಗಾಲು, ನಿಮ್ಮ ವಿಷಯ. 1989ರಲ್ಲಿ ಫ್ರಾನ್ಸಿನ ಪತ್ರಕರ್ತ ಜೆರಾರ್ ಫ್ಯುಸಿಲ್ ನ್ಯೂಜಿಲೆಂಡ್‌ನಲ್ಲಿ ರೇಡ್ ಗೋಲುವಾಜ್ ಅನ್ನುವ ಅಡ್ವೆಂಚರ್ ರೇಸ್ ನಡೆಸಿದ ಕಾಲದಿಂದಲೂ ಈ ಆಟದ ಜೀವ ಒಂದೇ: ಗಂಡು ಹೆಣ್ಣು ಸೇರಿದ ತಂಡ, ಎಲ್ಲರೂ ಒಟ್ಟಿಗೆ ಮುಗಿಸಬೇಕು. ನಿಮ್ಮ ತಂಡದ ಸಮಯ ಅಂದರೆ ಕೊನೆಯವರ ಸಮಯ. ಹಾಗಿದ್ದಮೇಲೆ ಮುಂದೆ ಓಡಿ ಕಾಯುವವನಿಗೆ ಏನು ಸಿಕ್ಕಿತು? ಬೆವರು ಆರಿ ಚಳಿ ಹಿಡಿಯಿತು, ಅಷ್ಟೇ.

ಮಾಡಬೇಕಾದ್ದು ಸುಲಭ. ನಿಮ್ಮ ಬ್ಯಾಗಿನ ಭಾರ ಅವರಿಗೆ ದಾಟಿಸಿ. ಮೊದಲ ಏರಿನ ಬುಡದಲ್ಲೇ, ಸುಸ್ತಾದಮೇಲೆ ಅಲ್ಲ. ಜೊತೆಗೆ ಒಂದು ಎಲಾಸ್ಟಿಕ್ ಹಗ್ಗ: ಒಂದು ತುದಿ ಗಟ್ಟಿಗನ ಬ್ಯಾಗಿಗೆ, ಇನ್ನೊಂದು ನಿಮ್ಮ ಸೊಂಟದ ಪಟ್ಟಿಗೆ, ಕೈಯಲ್ಲಿ ಎಳೆದರೆ ತಟ್ಟನೆ ಬಿಡುವ ಕೊಕ್ಕೆಯಲ್ಲಿ. ಹಗ್ಗ ಬಿಗಿಯಾಗಿ ಇರಬೇಕು, ಜಗ್ಗಬಾರದು. ಒಳ್ಳೆಯ ತಂಡಗಳು ಇದನ್ನು ಎಲ್ಲರ ಕಣ್ಣೆದುರೇ ಮಾಡುತ್ತವೆ, ಮರ್ಯಾದೆ ಪ್ರಶ್ನೆ ಏನಿಲ್ಲ. ಏರಿನಲ್ಲಿ ನಿಮ್ಮನ್ನು ಎಳೆದವನನ್ನು ನಾಲ್ಕನೇ ದಿನ ನೀವೇ ಎಳೆಯುವ ಹಾಗೂ ಆಗಬಹುದು. ಇಳಿಜಾರಿನಲ್ಲಿ ಹಾಕಬೇಡಿ, ಇಬ್ಬರೂ ಬೀಳುತ್ತೀರಿ.

ಮತ್ತೆ ಕಾಲು. ಹಳ್ಳ ದಾಟಿ ದಾಟಿ ಒದ್ದೆಯಾದ ಪಾದ ಬೆಳ್ಳಗೆ ಮುದುಡಿ, ಚರ್ಮ ಮಡಚಿ ಸೀಳುತ್ತದೆ. ಮಲಗುವ ಆ ಎರಡು ಗಂಟೆ ಶೂ, ಸಾಕ್ಸ್ ಎರಡೂ ತೆಗೆದು ಪಾದ ಒಣಗಿಸಲೇಬೇಕು. ಮಲಗುವಾಗಿನ ಚಳಿಗೆ ಅಂತಲೇ ಒಂದು ಜೊತೆ ಒಣ ಸಾಕ್ಸ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಪ್ರಾಣ ಹೋದರೂ ಅದನ್ನು ಹಾಕಿಕೊಂಡು ನಡೆಯಬೇಡಿ.

ಬಂಡೆಮಾತು:
ಮೂರನೇ ರಾತ್ರಿ ಬಂಡೆಗಳು ಕೂತು ಇಸ್ಪೀಟು ಆಡುತ್ತಿರುತ್ತವೆ. ಗಾಬರಿ ಬೇಡ. ಪಕ್ಕದವರಿಗೂ ಅದೇ ಕಂಡರೆ ಮಾತ್ರ ಯೋಚನೆ ಮಾಡಿ.

ಕೆಂಪುಪೆಟ್ಟಿಗೆ:
ಇಂಥ ರೇಸ್‌ಗಳಲ್ಲಿ ವೈದ್ಯಕೀಯ ತಂಡದ ಜೊತೆ ಕೆಲಸ ಮಾಡುತ್ತೇನೆ. ಮೇಲಿನ ತಮಾಷೆ ಸರಿ, ಆದರೆ ಒಂದು ಗಂಭೀರ ತೊಂದರೆ ಇದೆ. ತಲೆನೋವು, ವಾಕರಿಕೆ, ಮಂಕು, ಸಿಡುಕು, ಇವು ನಿದ್ದೆಗೆಟ್ಟರೂ ಬರುತ್ತವೆ, ಎತ್ತರದ ಕಾಯಿಲೆಯಲ್ಲೂ ಬರುತ್ತವೆ, ಉಪ್ಪಿಲ್ಲದೆ ಬರೀ ನೀರು ಜಾಸ್ತಿ ಕುಡಿದರೂ ಬರುತ್ತವೆ. 2,500 ಮೀಟರ್ ದಾಟಿದಮೇಲೆ ಎತ್ತರದ್ದೇ ಅಂದುಕೊಂಡು ನಡೆದುಕೊಳ್ಳಿ, ಅಂದರೆ ಇನ್ನೂ ಮೇಲೆ ಹತ್ತಬೇಡಿ. ನೇರ ಗೆರೆಯಲ್ಲಿ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಸಿ. ತೂರಾಡಿದರೆ ರೇಸ್ ಅಲ್ಲಿಗೆ ಬಿಟ್ಟು ತಕ್ಷಣ ಕೆಳಗಿಳಿಸಿ, ನೀವು ಎಲ್ಲಿದ್ದೀರಿ ಅಂತ ಸಂಘಟಕರಿಗೆ ತೋರಿಸುವ ಟ್ರ್ಯಾಕರ್‌ನಲ್ಲಿ ಸಹಾಯ ಕೇಳಿ. ಬೆಳಗಾಗಲಿ ನೋಡೋಣ ಅನ್ನಬೇಡಿ.

ಮಂಜುಗಲ್ಲು ಹೇಳಿದ ಹಾಗೆ ಬುಡದಲ್ಲಿ ಮಲಗಿ, ಪಾಸ್ ಮೇಲೆ ಮಲಗಬೇಡಿ. ಪ್ರತಿ 1,000 ಮೀಟರ್‌ಗೆ ಸುಮಾರು 6.5 ಡಿಗ್ರಿ ಚಳಿ ಏರುತ್ತದೆ, ಗಾಳಿಯದ್ದು ಬೇರೆ. ಬೆಚ್ಚನೆಯ ಅಂಗಿಯನ್ನು ತುದಿ ಮುಟ್ಟುವ ಮೊದಲೇ ಹಾಕಿಕೊಳ್ಳಿ, ಮೇಲೆ ಬೆರಳು ಮರಗಟ್ಟಿದಮೇಲೆ ಜಿಪ್ ಎಳೆಯುವುದೂ ಆಗುವುದಿಲ್ಲ. ಯಾವಾಗಲೂ ಮಾತಾಡುವವನು ಸುಮ್ಮನಾದರೆ, ಪದ ತೊದಲಿದರೆ, ಅವನನ್ನು ಕೇಳಬೇಡಿ, ನೀವೇ ನಿಲ್ಲಿಸಿ ಬೆಚ್ಚಗೆ ಮಾಡಿ, ಸಿಹಿ ತಿನ್ನಿಸಿ.

ತುದಿಗಾಲು:
ಎಲ್ಲರಿಗೂ ಥ್ಯಾಂಕ್ಸ್. ಪಾಸ್ ಬುಡದಲ್ಲಿ ಒಂದೂವರೆ ಗಂಟೆ ಅಂದಿದ್ದಕ್ಕೆ ಜಗಳದ ಎರಡೂ ಕಡೆಯವರು ಮುಖ ಸಿಂಡರಿಸಿದರು, ಅಂದರೆ ಲೆಕ್ಕ ಸರಿ ಇದೆ ಅನಿಸುತ್ತದೆ. ಹಗ್ಗ ನಾಳೆಯೇ ಕಟ್ಟಿ ನೋಡುತ್ತೇವೆ. ಒಂದೇ ಅನುಮಾನ: ನದಿಯ ಹಂತದಲ್ಲಿ ಕತ್ತಲಾದಮೇಲೆ ಕಯಾಕ್ ಇಳಿಸುವ ಹಾಗಿಲ್ಲ ಅಂತ ನಿಯಮ ಇದೆ. ಅಲ್ಲಿಗೆ ಸಂಜೆ ಮುಗಿದಮೇಲೆ ತಲುಪಿದರೆ?

ನಕ್ಷೆಹುಚ್ಚ:
ಡಾರ್ಕ್ ಝೋನ್ ಅದು. ಬೆಳಕು ಹರಿಯುವ ತನಕ ಹೇಗೂ ಬಿಡುವುದಿಲ್ಲ, ಹಾಗಾಗಿ ದೊಡ್ಡ ನಿದ್ದೆ ಅಲ್ಲೇ ಮಾಡಿ. ಮಂಜುಗಲ್ಲು ಹೇಳಿದ್ದನ್ನೂ ಒಪ್ಪುತ್ತೇನೆ, ಪಾಸ್ ಎರಡನೇ ದಿನ ಇದ್ದರೆ ಮೊದಲ ರಾತ್ರಿಯೂ ಸ್ವಲ್ಪ ಮಲಗಿ. ನಕ್ಷೆ ಸಿಕ್ಕ ತಕ್ಷಣ ಮೊದಲು ನದಿಯ ಹಂತ ನೋಡಿ, ಸೂರ್ಯ ಮುಳುಗುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ. ಹೇಗೆ ಓಡಿದರೂ ಕತ್ತಲಾಗುವುದು ಖಾತ್ರಿ ಅನಿಸಿದರೆ ಆ ದಿನ ಓಡಲೇಬೇಡಿ, ನಿಧಾನಕ್ಕೆ ಬಂದು, ಉಂಡು, ಕಾಲು ಒಣಗಿಸಿ ಮಲಗಿ. ಬೆಳಗ್ಗೆ ನಿಮಗಿಂತ ಮೂರು ಗಂಟೆ ಮೊದಲು ಬಂದವರೂ ನಿಮ್ಮ ಜೊತೆಗೇ ನೀರಿಗೆ ಇಳಿಯುತ್ತಾರೆ.