ಎರಡು ಉಳಿಸಿ ಇಳಿಸುವುದು

ದೊಡ್ಡಮ್ಮ, ನಮಸ್ಕಾರ. ಕಳೆದ ಭಾನುವಾರ ನಾನು ಗುಂಪಿನಲ್ಲಿ ಹಾಕಿದ ಪವರ್‌ಲಿಫ್ಟಿಂಗ್ ಸ್ಪರ್ಧೆಯ ವಿಡಿಯೋ ನೋಡಿ ನೀವು ಕಳುಹಿಸಿದ ಧ್ವನಿ ಸಂದೇಶವನ್ನು ಎರಡು ಬಾರಿ ಕೇಳಿದೆ. ಅಷ್ಟು ಭಾರ ಹೊತ್ತರೆ ಸೊಂಟದ ಗತಿಯೇನು, ಹಣವಾಗಲಿ ನೌಕರಿಯಾಗಲಿ ಸಿಗದ ಈ ಆಟಕ್ಕೆ ಮನೆ, ಆಫೀಸು, ಇಬ್ಬರು ಮಕ್ಕಳ ನಡುವೆ ಬೆಳಗಿನ ಜಾವ ಎದ್ದು ಹೋಗುವಷ್ಟು ಹುಮ್ಮಸ್ಸು ನನಗೆ ಎಲ್ಲಿಂದ ಬರುತ್ತದೆ, ತಾನೂ ಕಲಿಯುತ್ತೇನೆಂದು ಹಟ ಹಿಡಿದಿರುವ ನಿಮ್ಮ ಮೊಮ್ಮಗಳನ್ನು ಕಳುಹಿಸಬಹುದೇ ಎಂದು ಕೇಳಿದ್ದೀರಿ. ಇಷ್ಟು ಕಾಳಜಿಯಿಂದ ಕೇಳಿದ್ದಕ್ಕೆ ಒಂದು ಸಾಲಿನಲ್ಲಿ ಉತ್ತರ ಕೊಡುವುದು ಸರಿಯೆನಿಸಲಿಲ್ಲ. ಮಕ್ಕಳು ಮಲಗಿದ ಮೇಲೆ ನಿಧಾನವಾಗಿ ಕುಳಿತು ಬರೆಯುತ್ತಿದ್ದೇನೆ. ನೀವೂ ಬಿಡುವಾದಾಗ ಓದಿ.

ಮೊದಲು ಭಾವನವರ ಅನುಮಾನ. ಇದು ಕರ್ಣಂ ಮಲ್ಲೇಶ್ವರಿಯವರು ಆಡಿದ ಆಟವೇ ಅಲ್ಲವೇ ಎಂದು ಅವರು ಕೆಳಗೆ ಬರೆದಿದ್ದಾರೆ. ಅಲ್ಲ ಭಾವ. ಮಲ್ಲೇಶ್ವರಿಯವರು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು ವೇಟ್‌ಲಿಫ್ಟಿಂಗ್‌ನಲ್ಲಿ. ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು 2018 ಮತ್ತು 2022ರ ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ ಬೆಳ್ಳಿ, ಕಂಚು ತಂದದ್ದೂ ಅದರಲ್ಲಿಯೇ. ಅಲ್ಲಿ ಭಾರವನ್ನು ನೆಲದಿಂದ ತಲೆಯ ಮೇಲಕ್ಕೆ ಎತ್ತಿ ನಿಲ್ಲಿಸಬೇಕು. ನಮ್ಮ ಪವರ್‌ಲಿಫ್ಟಿಂಗ್‌ನಲ್ಲಿ ಬಾರ್, ಅಂದರೆ ಭಾರದ ಪ್ಲೇಟ್ ಹಾಕಿದ ಕಬ್ಬಿಣದ ಸರಳು, ತಲೆಯ ಮೇಲಕ್ಕೆ ಹೋಗುವುದೇ ಇಲ್ಲ. ಬಾರನ್ನು ಬೆನ್ನಿನ ಮೇಲ್ಭಾಗದಲ್ಲಿ ಹೊತ್ತು ಕುಕ್ಕರಗಾಲಿನಲ್ಲಿ ಕುಳಿತು ಏಳುವುದು ಸ್ಕ್ವಾಟ್, ಬೆಂಚಿನ ಮೇಲೆ ಮಲಗಿ ಎದೆಗೆ ಇಳಿಸಿಕೊಂಡು ಮೇಲಕ್ಕೆ ತಳ್ಳುವುದು ಬೆಂಚ್ ಪ್ರೆಸ್, ನೆಲದಲ್ಲಿರುವುದನ್ನು ಹಿಡಿದು ನೆಟ್ಟಗೆ ನಿಲ್ಲುವುದು ಡೆಡ್‌ಲಿಫ್ಟ್. ಪ್ರತಿಯೊಂದಕ್ಕೂ ಮೂರು ಅವಕಾಶಗಳಿದ್ದು, ಮೂರರಲ್ಲಿಯೂ ಅತ್ಯುತ್ತಮವಾದದ್ದನ್ನು ಕೂಡಿದರೆ ಬರುವ ಮೊತ್ತವೇ ಫಲಿತಾಂಶ. ಇದು ಒಲಿಂಪಿಕ್ಸ್‌ನಲ್ಲಿ ಇಲ್ಲ. ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಂಚ್ ಪ್ರೆಸ್ ಮಾತ್ರ ಇದೆ. ನಮ್ಮ ಬೆಂಗಳೂರಿನವರೇ ಆದ ಫರ್ಮಾನ್ ಬಾಷಾ ಅವರು 2016ರ ರಿಯೋ ಪ್ಯಾರಾಲಿಂಪಿಕ್ಸ್‌ನ 49 ಕೆಜಿ ದೇಹತೂಕದ ವಿಭಾಗದಲ್ಲಿ 140 ಕೆಜಿ ಎತ್ತಿ ನಾಲ್ಕನೆಯವರಾದರು. ತಮ್ಮ ದೇಹದ ತೂಕದ ಎರಡೂವರೆ ಪಟ್ಟಿಗೂ ಹೆಚ್ಚನ್ನು ತೋಳಿನಿಂದ ತಳ್ಳಿದ ಮನುಷ್ಯನೊಬ್ಬರು ನಮ್ಮೂರಿನಲ್ಲಿದ್ದಾರೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ ಎಂದು ನಾನು ಆಗಾಗ ಯೋಚಿಸುತ್ತೇನೆ.

ಇನ್ನು ನಿಮ್ಮ ಹುಮ್ಮಸ್ಸಿನ ಪ್ರಶ್ನೆ, ದೊಡ್ಡಮ್ಮ. ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದ ದಿನ ನಾನೂ ಅಮ್ಮನೂ ಸೇರಿ ಅವರನ್ನು ಎತ್ತಲಾರದೆ ಪಕ್ಕದ ಮನೆಯವರನ್ನು ಕರೆದದ್ದು ನಿಮಗೆ ನೆನಪಿದೆ. ಅದಾದ ತಿಂಗಳಿಗೆ ನಾನು ರಾಜಾಜಿನಗರದ ಜಿಮ್ಮಿಗೆ ಸೇರಿದ್ದು ನಿಜ. ಆದರೆ ಅದು ಸೇರಿದ್ದಕ್ಕೆ ಕಾರಣವಾಯಿತೇ ಹೊರತು ಆರು ವರ್ಷ ಬಿಡದೆ ಹೋಗಿದ್ದಕ್ಕೆ ಸಾಲುವುದಿಲ್ಲ. ಬೆಳಗ್ಗೆ ಐದಕ್ಕೆ ಅಲಾರಾಂ ಹೊಡೆದಾಗ ನನಗೆ ಬಹುಪಾಲು ದಿನ ಯಾವ ಹುಮ್ಮಸ್ಸೂ ಇರುವುದಿಲ್ಲ. ನನ್ನನ್ನು ಎಬ್ಬಿಸುವುದು ಒಂದು ನೋಟ್‌ಬುಕ್. ಸೋಮವಾರ ಸ್ಕ್ವಾಟ್, ಮಂಗಳವಾರ ಬೆಂಚ್, ಗುರುವಾರ ಡೆಡ್‌ಲಿಫ್ಟ್, ಶನಿವಾರ ಮೂರರಲ್ಲಿಯೂ ಹಗುರ ಕೆಲಸ ಎಂದು ಸ್ಪರ್ಧೆಗೆ ಹನ್ನೆರಡು ವಾರ ಮೊದಲೇ ಕೋಚ್ ಬರೆದುಕೊಡುತ್ತಾರೆ. ಇವತ್ತು 90 ಕೆಜಿ, ಐದು ಸೆಟ್, ಸೆಟ್ಟಿಗೆ ನಾಲ್ಕು ಬಾರಿ ಎಂದು ಅಲ್ಲಿದ್ದರೆ ಅಷ್ಟನ್ನು ಮಾಡಿ, ಪಕ್ಕದಲ್ಲಿ ಟಿಕ್ ಹಾಕಿ, ಏಳೂಕಾಲಕ್ಕೆ ಮನೆಗೆ ಬಂದು ಮಕ್ಕಳ ಟಿಫನ್ ಡಬ್ಬಿ ಕಟ್ಟುತ್ತೇನೆ.

ವಿಡಿಯೋದಲ್ಲಿ ನೀವು ನೋಡಿದಂತೆ ಮುಖ ಕೆಂಪಾಗುವಷ್ಟು ಭಾರ ಎತ್ತುವುದು ವರ್ಷಕ್ಕೆ ಎರಡು ಮೂರು ದಿನ ಮಾತ್ರ. ಉಳಿದ ದಿನಗಳ ನಿಯಮವನ್ನು ನಮ್ಮ ಕೋಚ್ ಒಂದೇ ಮಾತಿನಲ್ಲಿ ಹೇಳುತ್ತಾರೆ: "ಎರಡು ಉಳಿಸಿ ಇಳಿಸಿ." ಇನ್ನೂ ಎರಡು ಬಾರಿ ಎತ್ತಬಲ್ಲೆ ಎನ್ನುವಾಗಲೇ ಬಾರನ್ನು ಸ್ಟ್ಯಾಂಡಿಗೆ ಇಡಬೇಕು ಎಂದರ್ಥ. ಅಜ್ಜಿ ದಿನಾ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದರಲ್ಲ, ಆ ಮಾತು ಕೇಳಿದಾಗಲೆಲ್ಲ ನನಗೆ ಆ ಮಡಕೆಯೇ ನೆನಪಾಗುತ್ತದೆ. ಸ್ನಾಯು ಬಲಿಯುವುದು ಭಾರ ಎತ್ತುವ ಗಳಿಗೆಯಲ್ಲಿ ಅಲ್ಲ, ಆಮೇಲಿನ ಊಟ ನಿದ್ದೆಗಳಲ್ಲಿ. ದಿನವೂ ಪೂರ್ತಿ ಖಾಲಿಯಾಗಿ ಮನೆಗೆ ಬಂದರೆ ಮರುದಿನಕ್ಕೆ ಏನೂ ಉಳಿಯುವುದಿಲ್ಲ, ಮೂರನೆಯ ವಾರಕ್ಕೆ ಮೊಣಕಾಲೋ ಭುಜವೋ ತಕರಾರು ತೆಗೆಯುತ್ತದೆ. ಹೀಗೆ ಉಳಿಸುತ್ತ, ತಿಂಗಳಿಗೊಮ್ಮೆ ಒಂದು ವಾರ ಭಾರವನ್ನು ಬೇಕೆಂದೇ ಇಳಿಸಿ ದೇಹಕ್ಕೆ ವಿಶ್ರಾಂತಿ ಕೊಡುತ್ತ ಹೋದರೆ, ಆರು ತಿಂಗಳ ಹಿಂದೆ ಒಮ್ಮೆಯೂ ಏಳಲಾರದ ಭಾರದಲ್ಲಿ ಇಂದು ನಾಲ್ಕು ಬಾರಿ ಎದ್ದಿದ್ದೇನೆ ಎಂಬುದು ಅದೇ ನೋಟ್‌ಬುಕ್ಕಿನ ಹಳೆಯ ಪುಟ ತಿರುಗಿಸಿದಾಗ ತಿಳಿಯುತ್ತದೆ. ಆ ಪುಟ ತಿರುಗಿಸುವ ಸಂತೋಷಕ್ಕೆ ನಾನು ಹೆಸರಿಡಲಾರೆ, ಆದರೆ ನನ್ನನ್ನು ಹಿಡಿದಿಟ್ಟಿರುವುದು ಅದೇ.

ನೋಟ್‌ಬುಕ್ಕಿನ ಲೆಕ್ಕ ಸುಳ್ಳಾದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಇದನ್ನು ನಾನು ಇಲ್ಲಿಯವರೆಗೆ ಮನೆಯಲ್ಲಿ ಪೂರ್ತಿಯಾಗಿ ಹೇಳಿಲ್ಲ. ನಾಲ್ಕು ವರ್ಷಗಳ ಹಿಂದೆ ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸು ಹಿಡಿದು ಸ್ಪರ್ಧೆಗೆ ಹೋಗಿ, ಮರುದಿನವೇ "ಸರಿಯಾಗಿ ಆಗಲಿಲ್ಲ" ಎಂದಷ್ಟೇ ಹೇಳಿ ಹಿಂತಿರುಗಿದ್ದೆನಲ್ಲ, ಅಂದಿನ ಮಾತು. ಸ್ಕ್ವಾಟ್‌ನಲ್ಲಿ ತೊಡೆಯ ಬುಡದ ಮಡಿಕೆ ಮೊಣಕಾಲಿನ ಮೇಲ್ಭಾಗಕ್ಕಿಂತ ಕೆಳಗೆ ಹೋಗಬೇಕೆಂಬುದು ನಿಯಮ. ಮೂವರು ರೆಫರಿಗಳು ಮೂರು ಕಡೆಯಿಂದ ನೋಡುತ್ತಾರೆ. ಸರಿಯಿದ್ದರೆ ಬಿಳಿ ದೀಪ, ತಪ್ಪಿದ್ದರೆ ಕೆಂಪು, ಮೂರರಲ್ಲಿ ಎರಡಾದರೂ ಬಿಳಿ ಬೇಕು. ನಾನು 105 ಕೆಜಿ ಹಾಕಿಸಿದ್ದೆ. ಬಾರ್ 20 ಕೆಜಿ, ಪ್ಲೇಟ್ ಜಾರದಂತೆ ಎರಡು ತುದಿಗೆ ಬಿಗಿಯುವ ಕಾಲರ್‌ಗಳು ಎರಡೂವರೆಯಂತೆ 5 ಕೆಜಿ, ಒಂದೊಂದು ಬದಿಗೆ 25ರ ಕೆಂಪು ಪ್ಲೇಟ್, 15ರ ಹಳದಿ ಪ್ಲೇಟ್. ಕುಳಿತೆ, ಎದ್ದೆ, ಎದ್ದದ್ದು ಸುಲಭವಾಗಿಯೇ ಆಯಿತು. ತಿರುಗಿ ನೋಡಿದರೆ ಮೂರೂ ಕೆಂಪು. ಎರಡನೆಯ ಸಲ ಎರಡು ಕೆಂಪು, ಮೂರನೆಯ ಸಲ ಮತ್ತೆ ಮೂರು. ಸ್ಕ್ವಾಟ್, ಬೆಂಚ್, ಡೆಡ್‌ಲಿಫ್ಟ್‌ಗಳಲ್ಲಿ ಯಾವುದೇ ಒಂದರ ಮೂರು ಅವಕಾಶವೂ ಕೈತಪ್ಪಿದರೆ ಮೊತ್ತವೇ ದಾಖಲಾಗುವುದಿಲ್ಲ. ಸ್ಪರ್ಧೆ ಆರಂಭವಾಗಿ ಅರ್ಧ ಗಂಟೆಯೊಳಗೆ ನನ್ನದು ಮುಗಿದುಹೋಗಿತ್ತು.

ಬಸ್ಸಿನಲ್ಲಿ ಬರುವಾಗ ರೆಫರಿಗಳ ಮೇಲೆ ಕೋಪವಿತ್ತು. ಮನೆಗೆ ಬಂದು ಹಿಂದಿನ ತಿಂಗಳುಗಳ ಅಭ್ಯಾಸದ ವಿಡಿಯೋಗಳನ್ನು ಒಂದೊಂದಾಗಿ ಹಾಕಿ ನೋಡಿದಾಗ ಕೋಪ ಇಳಿಯಿತು. ಭಾರ ಏರಿದಂತೆಲ್ಲ ನಾನು ಕುಳಿತುಕೊಳ್ಳುವುದು ಒಂದೊಂದು ಬೆರಳು ಮೇಲಕ್ಕೆ ಬಂದಿತ್ತು. ಪುಸ್ತಕದಲ್ಲಿ ಬರೆದಿದ್ದ 110 ಕೆಜಿ ನಿಜವಾದ 110 ಆಗಿರಲಿಲ್ಲ. ಆಗ ನನಗೆ ಕಲಿಸುತ್ತಿದ್ದವರು ಅದನ್ನು ಒಮ್ಮೆಯೂ ತಿದ್ದಲಿಲ್ಲ ಎಂಬ ಬೇಸರ ಇಂದಿಗೂ ಇದೆ, ಆದರೆ ಟಿಕ್ ಹಾಕಿದ್ದು ನನ್ನ ಕೈಯೇ. ಮರುವಾರ ಬೇರೆ ಕೋಚ್ ಬಳಿ ಹೋಗಿ 70 ಕೆಜಿಗೆ ಇಳಿದೆ. ಕೆಳಗೆ ಕುಳಿತು ಮನಸ್ಸಿನಲ್ಲಿ ಮೂರು ಎಣಿಸಿ ಏಳುವ ಸ್ಕ್ವಾಟ್ ಒಂದನ್ನೇ ಮೂರು ತಿಂಗಳು ಮಾಡಿದೆ. 105ಕ್ಕೆ ಮತ್ತೆ ಬರಲು ಹತ್ತು ತಿಂಗಳು ಹಿಡಿಯಿತು. ಕಳೆದ ಭಾನುವಾರ ನೀವು ನೋಡಿದ್ದು 120. ಕೆಂಪು ಪ್ಲೇಟ್, ನೀಲಿ ಪ್ಲೇಟ್, ಅದರ ಹೊರಗೆ ಎರಡೂವರೆಯ ಪುಟ್ಟ ಪ್ಲೇಟ್. ಎದ್ದು ಬಾರ್ ಇಟ್ಟ ಮೇಲೆ ನಾನು ಕಣ್ಣು ಮುಚ್ಚಿ ನಿಂತದ್ದನ್ನು ನೋಡಿ ತಲೆಸುತ್ತು ಬಂತೇ ಎಂದು ಕೇಳಿದಿರಿ. ಇಲ್ಲ ದೊಡ್ಡಮ್ಮ, ದೀಪದ ಕಡೆ ತಿರುಗಲು ಒಂದು ಕ್ಷಣ ಧೈರ್ಯ ಬರಲಿಲ್ಲ, ಅಷ್ಟೇ. ಮೂರೂ ಬಿಳಿ ಇದ್ದವು.

ಸೊಂಟದ ವಿಚಾರಕ್ಕೆ ಬರುತ್ತೇನೆ. ಅಪಾಯವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಅವಸರಪಟ್ಟವರಿಗೆ ಖಂಡಿತ ಇದೆ. ಆದರೆ ಬಾವಿಯಿಂದ ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸುವಾಗ ನೀವು ಯಾರೂ ಹೇಳಿಕೊಡದೆಯೇ ಉಸಿರು ಬಿಗಿಹಿಡಿಯುತ್ತಿದ್ದಿರಲ್ಲ, ನಾವು ಕಲಿಯುವ ಮೊದಲ ಪಾಠವೂ ಅದೇ. ಹೊಟ್ಟೆಯ ತಳದವರೆಗೆ ಉಸಿರು ತುಂಬಿ, ಮುಂದೆ, ಪಕ್ಕ, ಹಿಂದೆ ಎಲ್ಲ ಕಡೆಗೂ ಸೊಂಟಕ್ಕೆ ಬಿಗಿದ ಬೆಲ್ಟಿನ ಮೇಲೆ ಒತ್ತಿ ಹಿಡಿದರೆ ಬೆನ್ನುಮೂಳೆಗೆ ಒಳಗಿನಿಂದಲೇ ಆಸರೆ ಸಿಗುತ್ತದೆ. ಬೆಲ್ಟ್ ತಾನಾಗಿ ಬೆನ್ನನ್ನು ಕಾಪಾಡುವುದಿಲ್ಲ, ಒತ್ತಲು ಅದೊಂದು ಗೋಡೆಯಾಗುತ್ತದೆ. ಇನ್ನೊಂದು ವಿಷಯ ನಿಮಗೇ ಸಂಬಂಧಿಸಿದ್ದು, ಏಕೆಂದರೆ ಹೋದ ವರ್ಷ ನಿಮ್ಮ ಮೂಳೆಯ ಸಾಂದ್ರತೆ ಕಡಿಮೆಯಿದೆಯೆಂದು ವೈದ್ಯರು ಹೇಳಿದ್ದರು. ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಮೂಳೆ ಸವೆದ ನೂರರಷ್ಟು ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಜ್ಞರ ಕಣ್ಗಾವಲಿನಲ್ಲಿ ವಾರಕ್ಕೆ ಎರಡು ದಿನ ಅರ್ಧ ಗಂಟೆಯಂತೆ ಎಂಟು ತಿಂಗಳು ಸ್ಕ್ವಾಟ್, ಡೆಡ್‌ಲಿಫ್ಟ್ ಮುಂತಾದವನ್ನು ಭಾರವಾಗಿಯೇ ಮಾಡಿದವರ ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಹೆಚ್ಚಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರಲ್ಲಿ ಆ ಫಲ ಕಾಣಲಿಲ್ಲ. ನೀವು ನಾಳೆಯೇ ಬಾರ್ ಹಿಡಿಯಿರಿ ಎಂದು ಇದನ್ನು ಹೇಳುತ್ತಿಲ್ಲ. ನಿಮ್ಮ ವೈದ್ಯರನ್ನು ಕೇಳೋಣ, ಅವರು ಒಪ್ಪಿದರೆ ನಾನೇ ಜೊತೆಗಿದ್ದು ಕುರ್ಚಿಯಿಂದ ಕೈಯೂರದೆ ಏಳುವುದರಿಂದ ಆರಂಭಿಸೋಣ. ಈ ಆಟದಲ್ಲಿ ಎಪ್ಪತ್ತು ದಾಟಿದವರಿಗೂ ಪ್ರತ್ಯೇಕ ವಯೋವಿಭಾಗವಿದೆ ಎಂಬುದು ತಿಳಿದಿರಲಿ.

ನನ್ನ ಅಂಗೈ ನೋಡಿ ನೀವು ಮದುವೆಮನೆಯಲ್ಲಿ ನೊಂದುಕೊಂಡಿರಿ. ಬೆರಳಿನ ಬುಡದ ಆ ನಾಲ್ಕು ಜಡ್ಡುಗಳು ಡೆಡ್‌ಲಿಫ್ಟ್‌ನಿಂದ ಬಂದವು. ಬಾರಿನ ಹಿಡಿಯಲ್ಲಿ ಜಾರದಂತೆ ಗೀರು ಕೊರೆದಿರುತ್ತಾರೆ. ಸ್ನಾನದ ನಂತರ ಕಾಲುಜ್ಜುವ ಕಲ್ಲಿನಿಂದ ಅವನ್ನು ತೆಳುವಾಗಿ ಉಜ್ಜಿಡುತ್ತೇನೆ. ದಪ್ಪವಾಗಲು ಬಿಟ್ಟರೆ ಚರ್ಮ ಕಿತ್ತು ಬರುತ್ತದೆ. ನೋವೇನೂ ಇಲ್ಲ.

ಊಟದ ಬಗ್ಗೆ ಅಮ್ಮ ನಿಮ್ಮ ಬಳಿ ದೂರಿದ್ದಾರಂತೆ. ದಿನಕ್ಕೆ ಸುಮಾರು 110 ಗ್ರಾಂ ಪ್ರೋಟೀನ್ ನನಗೆ ಬೇಕು. ಮುದ್ದೆಯನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅದರ ಜೊತೆಗೆ ಹುರುಳಿಕಾಳಿನ ಬಸ್ಸಾರು, ನಾಲ್ಕು ಮೊಟ್ಟೆ, ಮೊಸರು, ಪನೀರು ಅಥವಾ ಕೋಳಿ ಹೆಚ್ಚಾಗಿದೆ, ಅಷ್ಟೇ. ಪುಡಿ ಡಬ್ಬಿಗಳನ್ನು ಕೊಳ್ಳುವಾಗ ಮಾತ್ರ ಬಹಳ ಎಚ್ಚರವಹಿಸುತ್ತೇನೆ, ಏಕೆಂದರೆ ಡಬ್ಬಿಯಲ್ಲಿ ನಿಷೇಧಿತ ವಸ್ತು ಬೆರೆತಿದ್ದರೆ ಗೊತ್ತಿಲ್ಲದೆ ತಿಂದೆ ಎಂಬ ಮಾತ್ರಕ್ಕೆ ಕ್ರೀಡಾಪಟು ಪಾರಾಗುವುದಿಲ್ಲ; ದೇಹದಲ್ಲಿ ಸಿಕ್ಕಿದ್ದಕ್ಕೆ ಅವರೇ ಹೊಣೆ. ನಿಮ್ಮ ಮೊಮ್ಮಗಳಿಗೆ ಜಿಮ್ಮಿನಲ್ಲಿ ಯಾರೇ ಏನೇ ಪುಡಿ ಕೊಟ್ಟರೂ ಮುಟ್ಟಬಾರದೆಂದು ನಾನೇ ಕೂರಿಸಿಕೊಂಡು ಹೇಳುತ್ತೇನೆ.

ಅವಳನ್ನು ಖಂಡಿತ ಕಳುಹಿಸಿ. ಹದಿನೇಳು ವರ್ಷದವಳು ಸಬ್ ಜೂನಿಯರ್ ವಿಭಾಗಕ್ಕೇ ಸೇರುತ್ತಾಳೆ, ಕಲಿಯಲು ಒಳ್ಳೆಯ ವಯಸ್ಸು. ಎರಡನೆಯ ಪಿಯುಸಿ ಪರೀಕ್ಷೆ ಮುಗಿಯುವವರೆಗೆ ವಾರಕ್ಕೆ ಎರಡು ದಿನ ಸಾಕು, ಮತ್ತು ಮೊದಲ ವರ್ಷ ಸ್ಪರ್ಧೆಯ ಹೆಸರೆತ್ತದಿರುವುದು ಒಳ್ಳೆಯದು. ಕಡಿಮೆ ದೇಹತೂಕದ ವಿಭಾಗಕ್ಕೆ ಇಳಿಯಲು ಊಟ ಬಿಡುವ ಮಾತನ್ನು ಅವಳ ಬಾಯಲ್ಲಿ ಕೇಳಿದರೆ ನನಗೆ ಕೂಡಲೇ ಫೋನ್ ಮಾಡಿ. ಬೆಳೆಯುವ ಮಕ್ಕಳು ಅದನ್ನು ಮಾಡಲೇಬಾರದು. ಬರುವ ಶನಿವಾರ ಬೆಳಗ್ಗೆ ಆರಕ್ಕೆ ರಾಜಾಜಿನಗರದ ನವರಂಗ್ ವೃತ್ತದ ಬಳಿ ನಾನು ಕಾಯುತ್ತಿರುತ್ತೇನೆ. ಮೆತ್ತನೆಯ ಅಟ್ಟೆಯಿರುವ ಓಟದ ಶೂ ಬೇಡ, ಚಪ್ಪಟೆ ತಳದ ಕ್ಯಾನ್ವಾಸ್ ಶೂ ಇದ್ದರೆ ಹಾಕಿಕೊಂಡು ಬರಲಿ. ಮೊದಲ ದಿನ ಅವಳ ಕೈಗೆ ಬಾರ್ ಕೊಡುವುದಿಲ್ಲ, ಒಂದು ಮರದ ಕೋಲು ಕೊಡುತ್ತೇವೆ. ಅದಕ್ಕೆ ಬೇಸರ ಮಾಡಿಕೊಳ್ಳಬಾರದೆಂದು ಈಗಲೇ ತಿಳಿಸಿಬಿಡಿ. ಜೊತೆಗೆ ಇನ್ನೂರು ಪುಟದ ಹೊಸ ನೋಟ್‌ಬುಕ್ ಒಂದನ್ನು ತರಲಿ.